ಬದಲಿ ಕೂತವಳು

ಶನಿವಾರ ಬೆಳಿಗ್ಗೆ ಯಂತ್ರದ ಧೂಳೊರೆಸುತ್ತಿದ್ದಾಗ ಅವಳ ಬಲಗೈ ಹೆಬ್ಬೆರಳು ಮತ್ತೆ ಅದನ್ನೇ ಮಾಡತೊಡಗಿತ್ತು. ಬಟ್ಟೆಯನ್ನು ಒಂದು ಸಲ ಒತ್ತುವುದು, ಬಿಡುವುದು, ಏನೋ ಕೇಳಿಸಿತೆಂಬಂತೆ ಕಾಯುವುದು, ಮತ್ತೆ ಒತ್ತುವುದು. ಏಳು ದಿನದಿಂದ ಹೀಗೆ. ಬಸ್ಸಿನ ಕಂಬಿ ಹಿಡಿದಾಗ, ಹಲ್ಲುಜ್ಜುವಾಗ, ತಂಗಿಯ ಮಗುವಿನ ಕೆನ್ನೆ ಹಿಡಿದಾಗ ಕೂಡ. "ದೊಡ್ಡಮ್ಮ, ಯಾಕೆ ನನ್ನ ಒತ್ತುತ್ತೀಯ, ನಾನೇನು ಕಾಲಿಂಗ್ ಬೆಲ್ಲಾ?" ಎಂದು ಮಗು ಕೇಳಿದಾಗ ಮನೆಯವರೆಲ್ಲ ನಕ್ಕಿದ್ದರು. ಅವಳು ಬಚ್ಚಲಿಗೆ ಹೋಗಿ ಬೆರಳಿಗೆ ಸೋಪು ಹಚ್ಚಿ ತೊಳೆದುಕೊಂಡಿದ್ದಳು. ತೊಳೆದರೆ ಹೋಗುವುದಾಗಿದ್ದರೆ ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಈ ಕೋಣೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವವಳಿಗೆ ಅದು ಎಂದೋ ಹೋಗಿರಬೇಕಿತ್ತು. ಬಾಗಿಲ ಮೇಲೆ 'ಸದ್ದು ಮಾಡಬೇಡಿ' ಎಂಬ ಹಲಗೆ. ಒಳಗೆ ಕಿವಿ ಪರೀಕ್ಷಿಸುವ ಯಂತ್ರ, ಅದರೆದುರು ಗಾಜಿನ ಕಿಟಕಿಯಿದ್ದ ಸಣ್ಣ ಮರದ ಗೂಡು. ಗೂಡಿನೊಳಗೆ ಕೂತವರ ತಲೆಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಸದ್ದು ಕೇಳಿಸಿದರೆ ಒತ್ತಬೇಕು, ಅಷ್ಟೇ. ಒಂಬತ್ತು ವರ್ಷದಿಂದ ಅವಳು ಹೊರಗೆ ಕೂತು ಬೇರೆಯವರ ಹೆಬ್ಬೆರಳು ನೋಡುತ್ತ ಬಂದಿದ್ದಾಳೆ. ತನ್ನದನ್ನು ನೋಡಿಕೊಳ್ಳಬೇಕಾದ ದಿನ ಬರುತ್ತದೆಂದು ಯಾರು ಕಂಡಿದ್ದರು.

ಮೇಜಿನ ಮೇಲೆ ಗುರುವಾರ ಬಂದ ಕಾಗದವಿತ್ತು. ಬಸ್ ಡಿಪೋದಿಂದ. ಚಾಲಕರೊಬ್ಬರ ಶ್ರವಣಶಕ್ತಿಯನ್ನು ಕೂಡಲೇ ಪರೀಕ್ಷಿಸಿ ವರದಿ ಕಳಿಸಬೇಕೆಂದು ಬರೆದಿತ್ತು. ಚಾಲಕನ ಹೆಸರು ಓದಿದಾಗ ಮೊದಲು ಅದು ಯಾರೆಂದೇ ಅವಳಿಗೆ ಹೊಳೆಯಲಿಲ್ಲ. ಶನಿವಾರ ಸಂಜೆ ಟಿವಿಯಲ್ಲಿ ಫುಟ್‌ಬಾಲ್ ನೋಡಲು ಸೇರುವ ಅವರ ಐವರ ಗುಂಪಿನಲ್ಲಿ ಹನ್ನೆರಡು ವರ್ಷದಿಂದ ಅವನು ಎಲ್ಲರಿಗೂ ಗೋಲಿ. ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದವನು, ಹೆಸರು ಮೋಟಾಗುತ್ತ ಮೋಟಾಗುತ್ತ ಗೋಲಿಯಾಗಿದ್ದ. ಕಾಗದದಲ್ಲಿ ಹೆಸರಿತ್ತು, ಹೆಸರಿನಲ್ಲಿ ಅವನಿರಲಿಲ್ಲ. ಕೆಳಗೆ ಡಿಪೋದ ಗುಮಾಸ್ತನ ಸಣ್ಣ, ಓರಣದ ಅಕ್ಷರ. ಆ ಅಕ್ಷರವೂ ಅವಳಿಗೆ ಗೊತ್ತಿದ್ದದ್ದೇ. ಚಾಲಕರಿಗೆಲ್ಲ ಯಾವ ದಿನ ಯಾವ ಬಸ್ಸೆಂದು ಹಂಚುವವನು ಅವನು. ಅವನೂ ಅದೇ ಗುಂಪಿನವನು, ಅವನನ್ನು ಅವರೆಲ್ಲ ಡ್ಯೂಟಿ ಎಂದು ಕರೆಯುತ್ತಿದ್ದರು.

ಗೋಲಿ ಈ ಗೂಡಿನಲ್ಲಿ ಕೂರುವುದು ಇದು ಎರಡನೇ ಸಲವಾಗುತ್ತದೆ. ಮೊದಲನೆಯದು ಯಾವ ಪುಸ್ತಕದಲ್ಲೂ ಇಲ್ಲ. ಮೂರು ವಾರದ ಹಿಂದೊಂದು ಮಂಗಳವಾರ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ಅವನು ಬಾಗಿಲ ಸಂದಿಯಿಂದ ಮುಖ ತೂರಿಸಿ, "ಕಿವಿ, ಒಂದು ಉಪಕಾರ ಮಾಡ್ತೀಯಾ? ಯಾರಿಗೂ ಹೇಳ್ಬಾರ್ದು," ಎಂದಿದ್ದ. ಕಿವಿ ಎಂಬುದು ಅವಳ ಅಡ್ಡಹೆಸರು. ಅವಳು ನಗುತ್ತಲೇ ಕೂರಿಸಿದ್ದಳು. ಗುಂಡಿಯನ್ನು ಎಷ್ಟು ಚಂದ ಒತ್ತಿದನೆಂದರೆ, ಹದಿನೆಂಟರ ಹುಡುಗನ ಕಿವಿ. ಆಮೇಲೆ ಅವಳಿಗೆ ಸಂಶಯ ಬಂತು. ಸದ್ದನ್ನೇ ಬಿಡದೆ, ಸುಮ್ಮನೆ ಭುಜವನ್ನಷ್ಟು ಅಲುಗಿಸಿದಳು. ಅವನು ಒತ್ತಿದ. ಗಾಜಿನಾಚೆಯಿಂದ ಅವನು ಕೇಳುತ್ತಿರಲಿಲ್ಲ, ಅವಳನ್ನು ಓದುತ್ತಿದ್ದ. ಪೆನಾಲ್ಟಿ ಹೊಡೆಯುವವನ ಚೆಂಡನ್ನು ಯಾವ ಕೀಪರೂ ನೋಡುವುದಿಲ್ಲ, ಭುಜ ನೋಡುತ್ತಾನೆ ಎಂದು ಅವನೇ ಎಷ್ಟೋ ಸಲ ಹೇಳಿದ್ದ. ಅವಳು ಎದ್ದು ಗಾಜಿನ ಪರದೆ ಎಳೆದಳು. ಪರದೆ ಎಳೆಯುವ ಮುಂಚೆ ಕಂಡ ಅವನ ಮುಖವಿದೆಯಲ್ಲ, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಮಗುವಿನದು ಅದು, ನಲವತ್ತು ದಾಟಿದ, ಮೀಸೆ ನರೆತ ಮಗುವಿನದು. ಪರದೆ ಬಿದ್ದ ಮೇಲೆ ಗುಂಡಿಯ ದೀಪ ಹತ್ತಿದ್ದು ತೀರ ಕಡಿಮೆ.

"ಈ ತಿಂಗಳ ಕೊನೆಗೆ ನಾನೇ ಹೋಗಿ ಡಿಪೋದಲ್ಲಿ ಹೇಳ್ತೀನಿ," ಎಂದಿದ್ದ, ಹೊರಗೆ ಬಂದು, ಅವಳ ತುಟಿಯ ಮೇಲೆ ಕಣ್ಣಿಟ್ಟು. "ಅಲ್ಲೀತನಕ ಖಾಲಿ ಬಸ್ಸು ಶೆಡ್ಡಿನಿಂದ ನಿಲ್ದಾಣಕ್ಕೆ ತರೋ ಕೆಲಸ ಕೇಳ್ಕೋತೀನಿ. ಜನರನ್ನ ಕೂರಿಸ್ಕೊಳಲ್ಲ, ಆಣೆ. ಆದ್ರೆ ನಾನೇ ಹೇಳ್ಬೇಕು ಕಣೆ. ಬೇರೆಯವ್ರು ಹೇಳಿದ್ರೆ ಅದು ಕೆಂಪು ಕಾರ್ಡು. ನಾನೇ ಹೇಳಿದ್ರೆ ನಿವೃತ್ತಿ. ಮೈದಾನದಿಂದ ನಡ್ಕೊಂಡು ಬರೋ ರೀತೀನೇ ಬೇರೆ ಇರುತ್ತೆ, ಅಲ್ವಾ?"

ಅಲ್ವಾ ಎಂದದ್ದಕ್ಕೆ ಅವಳು ಹೂಂ ಎಂದಿದ್ದಳು. ಬರಿ ಹೂಂ ಅಲ್ಲ, ತುಟಿಗೆ ಬೀಗ ಹಾಕಿ ಕೀಲಿಯನ್ನು ಕಿಟಕಿಯಿಂದಾಚೆ ಎಸೆದ ಹಾಗೆ ನಟಿಸಿಯೂ ತೋರಿಸಿದ್ದಳು. ನಟನೆ ಅವಳಿಗೆ ಅಜ್ಜಿಯಿಂದ ಬಂದದ್ದು. ಅಜ್ಜಿ ಕಥೆ ಹೇಳುವಾಗ ಕಾಗೆಯೂ ಅವಳೇ, ರಾಣಿಯೂ ಅವಳೇ, ಕಳ್ಳನೂ ಅವಳೇ. ಒಂದು ಕಥೆಯಲ್ಲಿ ಒಬ್ಬ ಹುಡುಗಿಯ ಬಾಯೊಳಗೆ ಒಂದು ಜೇನುನೊಣ. ಬಾಯಿ ಮುಚ್ಚಿದ್ದಷ್ಟು ದಿನ ಅದು ಅಲ್ಲೇ ಜೇನು ಕಟ್ಟುತ್ತದೆ. ಬಾಯಿ ತೆರೆದರೆ ಹಾರಿ ಹೋಗಿ ಕಚ್ಚುತ್ತದೆ, ಹುಡುಗಿಯನ್ನಲ್ಲ, ಆ ನೊಣವನ್ನು ಅವಳಿಗೆ ಕೊಟ್ಟವರನ್ನು. "ಹಾಗಾದ್ರೆ ಅವಳು ಊಟ ಹೇಗೆ ಮಾಡ್ತಾಳಜ್ಜಿ?" ಎಂದು ಕೇಳಿದ್ದಕ್ಕೆ ಅಜ್ಜಿ, "ಹಸ್ಕೊಂಡಿರ್ತಾಳೆ ಕಣೆ. ಗುಟ್ಟು ಇಟ್ಕೊಂಡೋಳು ಹಸ್ಕೊಂಡೇ ಇರ್ಬೇಕು," ಎಂದಿದ್ದಳು. ಆಗ ಅರ್ಥವಾಗಿರಲಿಲ್ಲ. ಯಾವುದಕ್ಕೆ ಹಸಿವು? ಹೋದ ಶನಿವಾರ ಗೊತ್ತಾಯಿತು. ನಗುವಿಗೆ. ತನ್ನನ್ನು ನೋಡಿ ಮೂರು ಜನ ನಗಲಿ ಎಂಬ ಹಸಿವಿಗೆ.

ಹೋದ ಶನಿವಾರ ಟೈಲರಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಂದಿನಂತೆ ಸೇರಿದ್ದರು. ಮುಂದೆ ಹೊಲಿಗೆ ಯಂತ್ರಗಳು, ನಡುವೆ ಒಂದು ಪರದೆ, ಹಿಂದೆ ಈ ಕೋಣೆ. ಬಟ್ಟೆಯ ತುಂಡುಗಳ ಮೂಟೆ, ಮಸುಕು ಟಿವಿ, ಐದು ಕುರ್ಚಿ. ನಾಲ್ಕು ಗಂಟೆಗೆ ಆಟ ಶುರು. ಅವರ ಮೆಚ್ಚಿನ ತಂಡ ಪಟ್ಟೆಯಂಗಿಯವರು ಮೊದಲ ಹತ್ತು ನಿಮಿಷದಲ್ಲೇ ಒಂದು ಗೋಲು ತಿಂದರು. ಭೂಗೋಳ ಕಲಿಸುವ ಮೇಷ್ಟ್ರು ತೊಡೆ ತಟ್ಟಿದರು. "ನೋಡಿ ಆ ಡಿಫೆಂಡರ್‌ಗಳನ್ನ! ಚೆಂಡು ಒಳಗೆ ಹೋಗಿದೆ, ಇವರು ಕೈ ಎತ್ಕೊಂಡು ನಿಂತಿದಾರೆ. ಥೇಟ್ ನಮ್ಮ ವಿರೋಧ ಪಕ್ಷ. ತಡೆಯೋದು ಬಿಟ್ಟು ದೂರು ಹೇಳೋದು."

"ಆಳೋರು ಏನು ಕಡಿಮೆ?" ಎಂದಳು ಟೈಲರಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಗೋಲು ಹೊಡೆಯೋಕೆ ಮುಂಚೇನೇ ಶರ್ಟು ಬಿಚ್ಚಿ ಓಡಾಡ್ತಾರೆ. ಎರಡೂ ಪಕ್ಷದೋರ ಬಾವುಟ ಹೊಲಿಯೋಳು ನಾನು. ಬಣ್ಣ ಬೇರೆ, ದಾರ ಒಂದೇ ಉಂಡೇದು."

"ಹಾಗಾದ್ರೆ ಈ ಸಲ ಆ ಉಂಡೆಗೇ ಓಟು ಹಾಕ್ಬಿಡಾಣ," ಎಂದ ಡ್ಯೂಟಿ.

"ಹಾಕು, ಅದಾದ್ರೂ ನೆಟ್ಟಗೆ ಬಿಚ್ಕೊಳುತ್ತೆ."

ಅವರಲ್ಲೊಂದು ಪದ್ಧತಿಯಿತ್ತು. ಬಾರದವರ ಕುರ್ಚಿ ಖಾಲಿ ಇರಬಾರದು. ಹತ್ತೇ ಜನ ಆಡುವ ತಂಡ ಆಗಲೇ ಸೋತ ತಂಡ ಎಂದು ಮೇಷ್ಟ್ರು ಎಂದೋ ಮಾಡಿದ ಕಾನೂನು. ಯಾರು ಬಂದಿಲ್ಲವೋ ಅವರ ಕುರ್ಚಿಯಲ್ಲಿ ಇನ್ನೊಬ್ಬರು ಬದಲಿ ಕೂರಬೇಕು. ಕೂತವರು ಬಾರದವರ ಹಾಗೇ ಮಾತಾಡಬೇಕು, ಅವರ ಹಾಗೇ ಚಹ ಹೀರಬೇಕು. ಇದರಲ್ಲಿ ಯಾರಿಗೂ ನೋವಿರಲಿಲ್ಲ. ಮೇಷ್ಟ್ರ ಬದಲಿ ಕೂತು ಅವರ ಕೆಮ್ಮನ್ನು ಅವಳು ಎಷ್ಟು ಚಂದ ಮಾಡಿದ್ದಳೆಂದರೆ, ಮರುವಾರ ಸ್ವತಃ ಮೇಷ್ಟ್ರೇ ಇನ್ನೊಂದು ಸಲ ಮಾಡಿಸಿಕೊಂಡು ನಕ್ಕಿದ್ದರು. ಆ ದಿನ ಗೋಲಿ ಬಂದಿರಲಿಲ್ಲ. "ಕಿವಿ, ಎದ್ದೇಳು, ನೀನೇ ಬದಲಿ," ಎಂದರು. ಅವಳು ಎದ್ದಳು. ಅವನ ಕುರ್ಚಿ ಮೂಲೆಯಲ್ಲಿತ್ತು. ಕೂತು, ಕಾಲಗಲಿಸಿ, ಮೊಣಕೈ ಮಂಡಿಗೂರಿ, "ಏ ಕೀಪರ್, ಭುಜ ನೋಡೋ, ಭುಜ," ಎಂದಳು. ನಕ್ಕರು. ಅಲ್ಲಿಗೆ ಸಾಕಿತ್ತು. ಆದರೆ ನಗು ಬೇಗ ಆರಿತು. ಆರಿದ ನಗುವಿನ ಮುಂದೆ ಕೂತಿರುವುದು ಎಷ್ಟು ಕಷ್ಟ ಎಂದು ನಗಿಸುವವರಿಗೇ ಗೊತ್ತು. ಅವಳು ಮೇಷ್ಟ್ರ ತುಟಿಯನ್ನೇ ಕಣ್ಣರಳಿಸಿ ನೋಡಿದಳು, ಮೇಷ್ಟ್ರು ಮಾತು ಮುಗಿಸಿ ಎಲ್ಲರೂ ನಕ್ಕಾದ ಮೇಲೆ, ಒಂದು ಗಳಿಗೆ ತಡವಾಗಿ, ಹೋ ಎಂದು ಒಬ್ಬಳೇ ನಕ್ಕಳು. ಅದು ಗೋಲಿಯೇ. ಅಚ್ಚು ಗೋಲಿ. ಮೂವರೂ ಹೊಟ್ಟೆ ಹಿಡಿದುಕೊಂಡರು. "ಅಯ್ಯೋ, ಹೌದಲ್ಲ, ಇತ್ತೀಚೆಗೆ ಟ್ಯೂಬ್‌ಲೈಟ್ ಆಗಿದಾನೆ!" ಎಂದಳು ಅಕ್ಕ. ಆಗ ಬದಲಿ ಕೂತವಳ ಕೈ ಚಹದ ಲೋಟ ಹಿಡಿದಿತ್ತು. ಅವಳ ಬಲಗೈ ಹೆಬ್ಬೆರಳು ಲೋಟದ ಅಂಚನ್ನು ಒತ್ತಿತು. ಕಣ್ಣು ಅಕ್ಕನ ಭುಜದ ಮೇಲೆ, ಮತ್ತೆ ಒತ್ತಿತು. ಅಕ್ಕನಿಗೂ ಮೇಷ್ಟ್ರಿಗೂ ಅದೇನೆಂದು ಗೊತ್ತಾಗಲಿಲ್ಲ, ಅವಳ ಮುಖ ನೋಡಿಯೇ ನಕ್ಕರು. ಡ್ಯೂಟಿ ಮಾತ್ರ ನಗು ನಿಲ್ಲಿಸಿದ. ವರ್ಷಕ್ಕೊಮ್ಮೆ ಹೊಸದಾಗಿ ಸೇರುವ ಚಾಲಕರನ್ನು ಕಿವಿ ಪರೀಕ್ಷೆಗೆ ಕರಕೊಂಡು ಬಂದು ಗಾಜಿನ ಹೊರಗೆ ನಿಲ್ಲುವವನು ಅವನು. "ಅದೇನದು ಬೆರಳಲ್ಲಿ?" ಎಂದ ಮೆಲ್ಲಗೆ. ಆಮೇಲೆ, ತನಗೇ ಹೇಳಿಕೊಂಡ ಹಾಗೆ, "ಅದಕ್ಕೇ ಖಾಲಿ ಬಸ್ಸು ಕೇಳಿದ್ನಾ..."

ಆ ಗಳಿಗೆಯಲ್ಲೇ ಪರದೆ ಅಲುಗಿ ಗೋಲಿ ಒಳಗೆ ಬಂದಿದ್ದ. "ಪಂಕ್ಚರ್ ಕಣ್ರೋ," ಎನ್ನುತ್ತ, ಎಂದಿಗಿಂತ ಗಟ್ಟಿ ದನಿಯಲ್ಲಿ. ಅವಳು ಹಾವು ತುಳಿದವಳ ಹಾಗೆ ಕುರ್ಚಿ ಬಿಟ್ಟೆದ್ದಳು. ಅವನು ಎಷ್ಟು ಹೊತ್ತಿನಿಂದ ಪರದೆಯ ಹಿಂದೆ ಇದ್ದ? ಇದ್ದರೂ ಕೇಳಿಸಿರುವುದಿಲ್ಲ, ಎಂದು ಅವಳು ಸಮಾಧಾನ ಮಾಡಿಕೊಂಡಳು. ಕೇಳಿಸುವುದಿಲ್ಲವಲ್ಲ. ಅವನ ಕಿವುಡಿನಿಂದ ತನಗೆ ನೆಮ್ಮದಿಯಾಯಿತೆಂಬುದು ಮನೆಗೆ ಹೋಗುವ ದಾರಿಯಲ್ಲಿ, ಸಿಗ್ನಲ್ಲಿನ ಕೆಂಪು ದೀಪದ ಕೆಳಗೆ ನಿಂತಾಗ ಹೊಳೆದು, ಹಸಿರಾದ ಮೇಲೂ ಅವಳು ರಸ್ತೆ ದಾಟಿರಲಿಲ್ಲ.

ಈ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಗೋಲಿ ಆಸ್ಪತ್ರೆಗೆ ಬಂದ. ಇಸ್ತ್ರಿ ಮಾಡಿದ ಸಮವಸ್ತ್ರ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಡಿಪೋದ ಇನ್ನೊಂದು ಕಾಗದ. "ನೋಡಿದ್ಯಾ, ಕರೆಸಿಯೇಬಿಟ್ರು," ಎಂದ, ನಗುತ್ತ. "ನಾನು ಮೂವತ್ತನೇ ತಾರೀಕಿಗೆ ಹೇಳೋಣ ಅಂತ ಮಾತು ಕೂಡ ಬಾಯಿಪಾಠ ಮಾಡ್ಕೊಂಡಿದ್ದೆ. ಮನೇಲಿ ಕನ್ನಡಿ ಮುಂದೆ ನಿಂತು, 'ಸ್ವಾಮೀ, ಹದಿನೇಳು ವರ್ಷ ಓಡಿಸಿದೀನಿ,' ಅಂತ. ನನ್ನ ಹೆಂಡತಿ, ಇದೇನ್ರೀ ಓಟು ಕೇಳೋಕೆ ಹೊರಟೋರ ಹಾಗೆ, ಅಂದ್ಲು. ಹೋಗ್ಲಿ ಬಿಡು." ಯಾರು ಹೇಳಿರಬಹುದು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳು ಏನನ್ನುತ್ತಿದ್ದಳೋ. ರಸ್ತೆಯ ಮೇಲಿನ ಜನರ ಜೀವ ಎನ್ನುವ ಒಂದು ಉತ್ತರವನ್ನು ಅವಳು ವಾರವಿಡೀ ಉಜ್ಜಿ ಹೊಳಪು ಮಾಡಿ ಇಟ್ಟುಕೊಂಡಿದ್ದಳು. ಅದು ಸುಳ್ಳೂ ಅಲ್ಲ. ಜೀವಕ್ಕಾಗಿ ಹೇಳಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ಅವಳು ಹೇಳಿದ್ದು ಮೂರು ಜನರ ನಗುವಿಗೆ, ಅದೂ ಚಹ ಆರುವ ಮುಂಚೆ.

ಅವನನ್ನು ಗೂಡಿನಲ್ಲಿ ಕೂರಿಸಿ ಬಾಗಿಲು ಹಾಕಿದಳು. ಗಾಜಿನ ಪರದೆಯ ದಾರ ಅವಳ ಎಡಗೈ ಹತ್ತಿರವೇ ತೂಗುತ್ತಿತ್ತು. ಎಳೆಯಲಿಲ್ಲ. ಇದನ್ನು ಅವಳು ಗುರುವಾರವೇ ತೀರ್ಮಾನಿಸಿದ್ದಳು. ಈ ಸಲ ತಾನೇ ಭುಜ ಅಲುಗಿಸುವುದು, ಪ್ರತಿ ಸದ್ದಿಗೂ, ಕಾಣುವ ಹಾಗೆ. ಅವನು ಪಾಸಾಗಲಿ. ಆಮೇಲೆ ಮೂವತ್ತನೇ ತಾರೀಕು ಅವನೇ ಹೋಗಿ, ಕನ್ನಡಿಗೆ ಹೇಳಿದ ಮಾತನ್ನು ಮನುಷ್ಯರಿಗೆ ಹೇಳಲಿ. ಕದ್ದದ್ದನ್ನು ಕದ್ದ ಜಾಗದಲ್ಲೇ ಇಟ್ಟು ಬಂದ ಹಾಗೆ. ಒಂಬತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ವರದಿ, ಯಾರಿಗೆ ನಷ್ಟ? ಅವಳು ಮೊದಲ ಸದ್ದು ಬಿಟ್ಟು ಬಲಭುಜ ಎತ್ತಿದಳು. ತನಗೇ ನಾಚಿಕೆಯಾಗುವಷ್ಟು ಎತ್ತಿದಳು, ತೊಗಲುಗೊಂಬೆಯ ಹಾಗೆ. ಗೋಲಿ ಅವಳನ್ನು ನೋಡಿದ. ಗುಂಡಿ ಒತ್ತಲಿಲ್ಲ. ಇನ್ನೊಂದು ಸದ್ದು, ಇನ್ನೊಮ್ಮೆ ಭುಜ. ಅವನು ಹಾಗೇ ನೋಡುತ್ತಿದ್ದ. ಆಮೇಲೆ ಎದ್ದು, ಹೆಡ್‌ಫೋನಿನ ವಯರು ಕಾಲಿಗೆ ಸಿಕ್ಕದಂತೆ ಜೋಪಾನವಾಗಿ ಎತ್ತಿ ಹಿಡಿದು, ಕುರ್ಚಿಯನ್ನು ತಿರುಗಿಸಿದ. ಗೋಡೆಗೆ ಮುಖ ಮಾಡಿ ಕೂತ. ಗಾಜಿನಲ್ಲಿ ಈಗ ಅವನ ಬೆನ್ನು, ಎಣ್ಣೆ ಹಚ್ಚಿದ ತಲೆ, ಕುರ್ಚಿಯ ಪಕ್ಕಕ್ಕೆ ಚಾಚಿದ ಎಡಗೈ, ಅದರಲ್ಲಿ ಗುಂಡಿ.

ಬೆನ್ನು ಕಂಡ ಮೇಲೆ ಅವಳಿಗೆ ಬಾಯಿ ಬಂತು. ಮೈಕು ಬಂದ್ ಇತ್ತು, ಬಾಗಿಲು ಮುಚ್ಚಿತ್ತು, ಅವನ ಮುಖ ಗೋಡೆಗಿತ್ತು, ಕಿವಿ ಕೇಳಿಸದು. "ನಾನೇ ಹೇಳಿದ್ದು ಗೋಲಿ," ಎಂದಳು. "ಹೇಳಲಿಲ್ಲ, ಮಾಡಿ ತೋರಿಸ್ದೆ. ನಗಿಸೋಕೆ." ಮಾತು ಗಾಜಿಗೆ ತಾಗಿ ಸಣ್ಣ ಮಂಜಾಗಿ ಕೂತು, ಒಂದು ಗಳಿಗೆಯಲ್ಲಿ ಆರಿತು. ಯಾರಿಗೂ ಮುಟ್ಟದ ತಪ್ಪೊಪ್ಪಿಗೆ ಎಷ್ಟು ಸಲೀಸು! ಹೇಳಿದ ಮೇಲೆ ಎದೆ ಹಗುರಾದದ್ದು ಅವಳಿಗೆ ಇನ್ನಷ್ಟು ಅಸಹ್ಯವಾಯಿತು. ಸದ್ದುಗಳನ್ನು ಒಂದೊಂದಾಗಿ ಬಿಟ್ಟಳು. ದೀಪ ಹತ್ತಬೇಕಾದಲ್ಲಿ ಹತ್ತಲಿಲ್ಲ. ಅವಳು ಗುರುತು ಹಾಕುತ್ತ ಹೋದಳು, ಚುಕ್ಕಿಗಳು ಮೆಟ್ಟಿಲಿಳಿದ ಹಾಗೆ ಕಾಗದದ ಕೆಳಕ್ಕೆ ಇಳಿದವು. ಹೊರಗೆ ಬಂದವನಿಗೆ ಕಾಗದ ತೋರಿಸಿದಾಗ ಅವನು ಹವಾಮಾನ ವರದಿ ಓದುವಷ್ಟೇ ಗಮನದಿಂದ ಓದಿ, "ನಾಲ್ಕಕ್ಕೆ ಬರ್ತೀಯಲ್ಲ? ಇವತ್ತು ಪಟ್ಟೆಯವರದ್ದು ಕೊನೇ ಆಟ," ಎಂದ. ಬಾಗಿಲು ದಾಟುವಾಗ 'ಸದ್ದು ಮಾಡಬೇಡಿ' ಹಲಗೆಗೊಂದು ಸಲಾಮು ಹೊಡೆದು ಹೋದ.

ಹೋಗಬಾರದೆಂದೇ ಅಂದುಕೊಂಡಿದ್ದಳು. ಹೋಗದಿದ್ದರೆ ಕುರ್ಚಿ ಖಾಲಿಯಾಗುತ್ತದೆ. ತನ್ನ ಕುರ್ಚಿಯಲ್ಲಿ ಯಾರೋ ಬದಲಿ ಕೂತು ತನ್ನ ಹಾಗೆ ಮಾತಾಡುತ್ತಾರೆ. ಏನು ಮಾಡಿ ತೋರಿಸಿಯಾರು? ಈ ಹೆದರಿಕೆಯೇ ಅವಳನ್ನು ಮೂರೂ ಮುಕ್ಕಾಲಿಗೆ ಅಂಗಡಿಯ ಮುಂದೆ ತಂದು ನಿಲ್ಲಿಸಿತು. ಅವಳು ಒಳಗೆ ಬಂದಾಗ ಗೋಲಿ ಇನ್ನೂ ಬಂದಿರಲಿಲ್ಲ. ಟೈಲರಕ್ಕ ಬಾವುಟಗಳ ರಾಶಿಯನ್ನು ಪಕ್ಕಕ್ಕೆ ತಳ್ಳಿ, "ಕೂತ್ಕೋ ಬಾ. ಆ ಖಾಲಿ ಕುರ್ಚೀಲೇ ಕೂತ್ಕೋ, ನಿನ್ನಷ್ಟು ಚೆನ್ನಾಗಿ ಯಾರು ಮಾಡ್ತಾರೆ," ಎಂದಳು. ಡ್ಯೂಟಿ ತಲೆ ಎತ್ತಲಿಲ್ಲ. ಅವಳು ಹೋಗಿ ಕೂತಳು. ಕೂತ ಮೇಲೆ ಕಂಡಿತು. ಆ ಮೂಲೆಯಿಂದ ಟಿವಿ ಅರ್ಧ ಮಾತ್ರ ಕಾಣುತ್ತಿತ್ತು, ಬೆಳಕು ಬಿದ್ದು ಅದೂ ಮಸುಕು. ಆದರೆ ಉಳಿದ ನಾಲ್ಕು ಕುರ್ಚಿಗಳಲ್ಲಿ ಯಾರು ಕೂತರೂ ಅವರ ಮುಖ ನೆಟ್ಟಗೆ ಕಾಣುವಂತಿತ್ತು. ಒಂದೂವರೆ ವರ್ಷದ ಹಿಂದೆ ಗೋಲಿ ತಾನೇ ಕೇಳಿ ಹಿಡಿದ ಮೂಲೆ ಇದು. ಆವತ್ತಿನಿಂದ ಅವನು ಇಲ್ಲಿ ಆಟ ನೋಡುತ್ತಿರಲಿಲ್ಲ, ಇವರನ್ನು ನೋಡುತ್ತಿದ್ದ. ಅವಳು ಹೋದ ವಾರ ಇದೇ ಕುರ್ಚಿಯಲ್ಲಿ ಕೂತಿದ್ದಳು, ಆಗ ಇದು ಕಂಡಿರಲಿಲ್ಲ. ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡಳು. "ಏನೇ, ಮಾಡು," ಎಂದರು ಮೇಷ್ಟ್ರು. "ಇವತ್ತು ಗಂಟಲು ಸರಿಯಿಲ್ಲ," ಎಂದಳು.

ಗೋಲಿ ಬಂದ. ಅವಳು ಏಳಹೋದರೆ ಕೈಯಾಡಿಸಿ ಬೇಡವೆಂದು, ಅವಳ ಕುರ್ಚಿಯಲ್ಲಿ, ಟಿವಿಯ ಎದುರಿಗೇ ಕೂತ. "ಕೇಳ್ರಪ್ಪಾ," ಎಂದು ಗಟ್ಟಿಯಾಗಿ, ಒಂದು ತಮಾಷೆ ಹೇಳುವವನ ಹಾಗೆ, "ನನ್ನ ಕಿವಿ ಮ್ಯಾಚು ಮುಗೀತು. ಸೋಮವಾರದಿಂದ ಬಸ್ಸಿಲ್ಲ. ಮರೆತು ಬಿಟ್ಟುಹೋದ ಸಾಮಾನು ಕೊಡೋ ಕೋಣೇಲಿ ಕೂರಿಸ್ತಾರಂತೆ. ಕೊಡೆ, ಚೀಲ, ಟಿಫಿನ್ ಡಬ್ಬಿ. ಯಾರಿಗಾದ್ರೂ ಕೊಡೆ ಬೇಕಾದ್ರೆ ಈಗ್ಲೇ ಹೇಳಿ."

ಯಾರೂ ನಗಲಿಲ್ಲ. ಅಕ್ಕ ಬಾಯಿಂದ ಗುಂಡುಸೂಜಿ ತೆಗೆದಳು. ಡ್ಯೂಟಿ ಎದ್ದು ಅವನೆದುರು ಹೋಗಿ ನಿಂತು, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. "ಕಾಗದ ಬರೆದೋನು ನಾನು. ಗೊತ್ತಾದ ಮೇಲೆ ಬರೀದೆ ಇರೋಕಾಗಲ್ಲ ಕಣೋ. ನನ್ನ ಕೆಲಸ ಅದು. ಮೊದ್ಲು ನಿನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ."

"ಗೊತ್ತು ಬಿಡೋ. ನಿನ್ನ ಅಕ್ಷರ ನಂಗೆ ಗೊತ್ತಿಲ್ವಾ? ಡ್ಯೂಟಿ ಅಂದ್ರೆ ಡ್ಯೂಟಿ." ಗೋಲಿ ಅವನ ಹೊಟ್ಟೆಗೊಂದು ಸಣ್ಣ ಗುದ್ದು ಗುದ್ದಿದ. ಹೇಗೆ ಗೊತ್ತಾಯಿತೆಂದು ಗೋಲಿ ಕೇಳಲಿಲ್ಲ, ಡ್ಯೂಟಿ ಹೇಳಲಿಲ್ಲ. ಡ್ಯೂಟಿ ತನ್ನ ಜಾಗಕ್ಕೆ ಮರಳುವಾಗ ಒಂದು ಸಲ ಅವಳ ಕಡೆ ನೋಡಿದ, ಅಷ್ಟೇ. ಆ ನೋಟದಲ್ಲಿ ನಿಷ್ಠುರವಿದ್ದಿದ್ದರೆ ಚೆನ್ನಾಗಿತ್ತು. ಅದರಲ್ಲಿ ಇದ್ದದ್ದು ಕಾಯುವಿಕೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಸರಕಾರದವರು ಚಾಲಕರಿಗೆ ಮೊದಲೇ ಸದ್ದು ಕಡಿಮೆಯ ಬಸ್ಸು ಕೊಡಿಸಬೇಕಿತ್ತೆಂದೂ, ಇಂಜಿನ್ನಿನ ಸದ್ದಿಗೇ ಕಿವಿ ಹೋಗುವುದೆಂದೂ, ಇದನ್ನೆಲ್ಲ ಯಾವ ಪಕ್ಷವೂ ಹೇಳುವುದಿಲ್ಲವೆಂದೂ ಶುರು ಮಾಡಿದರು. ಅಕ್ಕ, "ಮೇಷ್ಟ್ರೇ, ಆಟ ನೋಡಿ," ಎಂದಳು.

ಆಟ ನಡೆಯಿತು. ಪಟ್ಟೆಯವರು ಒಂದು ಹೊಡೆದರು, ಒಂದು ತಿಂದರು. ವಿರಾಮದಲ್ಲಿ ಅಕ್ಕ ಚಹ ತಂದಳು. ಗೋಲಿ ತಟ್ಟೆಯಿಂದ ಎರಡು ಲೋಟ ತೆಗೆದು, ಮೂಲೆಗೆ ಬಂದು ಅವಳ ಮುಂದೆ ಒಂದನ್ನು ಹಿಡಿದ. ಅವಳು ತೊಡೆಯ ಕೆಳಗಿಂದ ಕೈ ತೆಗೆಯಲೇಬೇಕಾಯಿತು. ಬಗ್ಗಿ, ಗುಟ್ಟು ಹೇಳುವವನಂತೆ, ಆದರೆ ಕಿವಿ ಹೋಗುತ್ತಿರುವವರಿಗೆ ತಮ್ಮ ದನಿಯ ಅಳತೆ ತಪ್ಪುತ್ತದಲ್ಲ, ಸ್ವಲ್ಪ ಜೋರಾಗಿಯೇ ಹೇಳಿದ. "ಚೆನ್ನಾಗಿ ಮಾಡಿದ್ದೆ ಕಣೆ ಹೋದ ವಾರ. ಪರದೆ ಹಿಂದೆ ನಿಂತು ನಾನೂ ನಕ್ಕೆ. ತಡವಾಗಿ ನಗೋದಂತೂ ಅಚ್ಚು ನಾನೇ. ಒಂದೇ ತಪ್ಪು." ತನ್ನ ಎಡಗೈ ಹೆಬ್ಬೆರಳನ್ನು ಲೋಟದ ಅಂಚಿಗೆ ಒತ್ತಿ ತೋರಿಸಿದ. "ನಾನು ಎಡಗೈಯವನು."

ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಹುಡುಕಿದಳು, ಇರಲಿಲ್ಲ. ಅವಳು ಏನೋ ಹೇಳಿದಳು, ಆದರೆ ಆಗಲೇ ಅವನು ತಿರುಗಿ ಹೋಗಿ ಕೂತಿದ್ದ, ಅವಳ ಮಾತು ಅವನ ಬೆನ್ನಿಗೆ ತಾಗಿ ಬಿತ್ತು, ಬೆಳಿಗ್ಗೆ ಗಾಜಿಗೆ ತಾಗಿ ಬಿದ್ದ ಹಾಗೆಯೇ. ಬೆನ್ನಿಗೆ ಎರಡು ಸಲ ಹೇಳಿಯಾಯಿತು. ಟಿವಿಯಲ್ಲಿ ಮತ್ತೆ ಆಟ ಶುರುವಾಯಿತು, ಎಲ್ಲರ ಕಣ್ಣು ಅತ್ತ ಹೊರಳಿತು. ಚಹ ಆರುತ್ತಿತ್ತು. ಈ ಮೂಲೆಯಲ್ಲಿ ಹೀಗೇ ಕೂತಿದ್ದರೆ ಇದೂ ಮುಗಿಯುತ್ತದೆ, ಮುಂದಿನ ಶನಿವಾರ ಬರುತ್ತದೆ, ಅವನು ಎಂದಿಗೂ ಕೇಳುವುದಿಲ್ಲ, ಡ್ಯೂಟಿ ಎಂದಿಗೂ ಹೇಳುವುದಿಲ್ಲ, ಅವಳನ್ನು ಎಲ್ಲರೂ ಕ್ಷಮಿಸಿಬಿಟ್ಟಿರುತ್ತಾರೆ, ಅವಳು ಮಾತ್ರ ಕ್ಷಮೆ ಕೇಳಿರುವುದಿಲ್ಲ. ಗೊಣಗಿದರೆ ಅವನಿಗೆ ಮುಟ್ಟದು. ಪಕ್ಕದಿಂದ ಪಿಸುಗುಟ್ಟಿದರೆ ಮುಟ್ಟದು. ಅವನಿಗೆ ಕೇಳಿಸುವ ಹಾಗೆ ಹೇಳಬೇಕೆಂದರೆ ಎದುರು ನಿಂತು, ಬೆಳಕಿನಲ್ಲಿ, ಬಾಯಿ ತುಂಬ ತೆರೆದು ಹೇಳಬೇಕು. ಅವನಿಗೆ ಕೇಳಿಸುವ ಹಾಗೆ ಹೇಳಿದರೆ ಅಕ್ಕನಿಗೂ ಮೇಷ್ಟ್ರಿಗೂ ಮುಂದಿನ ಅಂಗಡಿಯಲ್ಲಿ ಅಳತೆ ಕೊಡುತ್ತಿರುವವರಿಗೂ ಕೇಳಿಸುತ್ತದೆ.

"ಪೆನಾಲ್ಟಿ! ಪೆನಾಲ್ಟಿ ಕೊಟ್ಟ!" ಎಂದು ಮೇಷ್ಟ್ರು ಕುರ್ಚಿಯ ಮೇಲೆ ನೆಗೆದರು.

ಅವಳು ಲೋಟ ಕೆಳಗಿಟ್ಟು ಎದ್ದಳು. ಮೂಟೆ ದಾಟಿ, ಬಾವುಟಗಳ ರಾಶಿ ದಾಟಿ, ಟಿವಿಗೆ ಬೆನ್ನು ಮಾಡಿ ಗೋಲಿಯ ಎದುರು ನಿಂತಳು.

"ಏ, ಏನೇ ಇದು, ಅಡ್ಡ ನಿಂತ್ಯಲ್ಲೇ! ಸರಿ ಆಚೆ!" ಎಂದಳು ಅಕ್ಕ. "ಈಗ್ಲೇ ಬೇಕಿತ್ತಾ ನಿಂಗೆ?" ಎಂದು ಮೇಷ್ಟ್ರು ಕತ್ತು ಉದ್ದ ಮಾಡಿದರು. ಡ್ಯೂಟಿ ಮಾತ್ರ ಟಿವಿ ಬಿಟ್ಟು ಅವಳ ಕಡೆ ತಿರುಗಿ ಕೂತ. ಅವಳ ಬೆನ್ನ ಹಿಂದೆ ಸಾವಿರಾರು ಜನ ಒಮ್ಮೆಗೇ ಉಸಿರು ಹಿಡಿದ ಸದ್ದು. ಹೆಬ್ಬೆರಳು ಒತ್ತುವುದನ್ನು ನಿಲ್ಲಿಸಿತ್ತು. ಗೋಲಿ ತಲೆ ಎತ್ತಿದ. ಅವನ ಕಣ್ಣು ಹಳೆಯ ಅಭ್ಯಾಸದಂತೆ ಮೊದಲು ಅವಳ ಭುಜಕ್ಕೆ ಬಂತು, ಅಲ್ಲಿ ಏನೂ ಅಲುಗದ್ದನ್ನು ನೋಡಿ, ಮೆಲ್ಲಗೆ ಅವಳ ತುಟಿಗೆ ಬಂದು ನಿಂತಿತು.